ಹಳೆಯ ಪಂಚಾಂಗ, ಹೊಸ ಮನೆ

ಒಂದು ವರ್ಷದಲ್ಲಿ ಎಷ್ಟು ಗಂಟೆಗಳಿವೆ? ಕಾಗದ, ಪೆನ್ಸಿಲು ತೆಗೆದುಕೊಂಡು 365ನ್ನು 24ರಿಂದ ಗುಣಿಸಿ ನೋಡಿ. 8,760 ಬರುತ್ತದೆ. ಈ ಸಂಖ್ಯೆ ಸ್ವಲ್ಪ ನೆನಪಿನಲ್ಲಿರಲಿ.

ಈಗೀಗ ದೊಡ್ಡ ಕಟ್ಟಡವೊಂದರ ತಳಪಾಯಕ್ಕೆ ಗುದ್ದಲಿ ಬೀಳುವ ಮುನ್ನವೇ ಅದು ಕಂಪ್ಯೂಟರಿನೊಳಗೆ ಎದ್ದು ನಿಂತಿರುತ್ತದೆ. ಅಷ್ಟೇ ಅಲ್ಲ, ಜನ ಅದರೊಳಗೆ ಇಡೀ ಒಂದು ವರ್ಷ, ಅಂದರೆ 8,760 ಗಂಟೆಗಳ ಕಾಲ ‘ವಾಸ’ ಮಾಡಿ ಮುಗಿಸಿರುತ್ತಾರೆ! ಯಾವ ಕೋಣೆ ಮೇ ತಿಂಗಳ ಮಧ್ಯಾಹ್ನ ಬೇಯುತ್ತದೆ, ಯಾವ ಕೋಣೆ ಜನವರಿಯ ಬೆಳಗಿನಲ್ಲಿ ಥಂಡಿ ಹಿಡಿಯುತ್ತದೆ, ಒಟ್ಟು ಎಷ್ಟು ಯೂನಿಟ್ ವಿದ್ಯುತ್ತು ಖರ್ಚಾಗುತ್ತದೆ ಎಂಬುದೆಲ್ಲ ಮೊದಲೇ ತಿಳಿದುಬಿಡುತ್ತದೆ. ಈ ವಿದ್ಯೆಗೆ ‘ಬಿಲ್ಡಿಂಗ್ ಎನರ್ಜಿ ಸಿಮ್ಯುಲೇಷನ್’ ಎಂದು ಹೆಸರು. ಕಟ್ಟಡದ ಶಕ್ತಿ ಬಳಕೆಯ ತಾಲೀಮು ಎಂದು ಕನ್ನಡದಲ್ಲಿ ಹೇಳಬಹುದು. ನಾಟಕಕ್ಕೆ ಮುನ್ನ ತಾಲೀಮು ನಡೆಯುವಂತೆ ಮನೆ ಕಟ್ಟುವ ಮುನ್ನ ಇದು. ಅಮೆರಿಕದ ಇಂಧನ ಇಲಾಖೆ 2001ರಲ್ಲಿ ಹೊರತಂದ ‘ಎನರ್ಜಿಪ್ಲಸ್’ ಈ ಕೆಲಸದ ಹೆಸರುವಾಸಿ ತಂತ್ರಾಂಶ. ಯಾರು ಬೇಕಾದರೂ ಅದನ್ನು ಉಚಿತವಾಗಿ ಪಡೆಯಬಹುದು.

ಈ ತಾಲೀಮು ನಡೆಯುವುದು ಹೇಗೆ? ಕಂಪ್ಯೂಟರಿಗೆ ಮೊದಲು ಕಟ್ಟಡದ ವಿವರ ಕೊಡಬೇಕು. ಗೋಡೆ ಇಟ್ಟಿಗೆಯದೋ ಕಾಂಕ್ರೀಟಿನದೋ, ಎಷ್ಟು ದಪ್ಪ, ಕಿಟಕಿ ಯಾವ ದಿಕ್ಕಿಗೆ, ಗಾಜು ಎಷ್ಟು ಅಗಲ, ಛಾವಣಿಯ ಬಣ್ಣ ಯಾವುದು ಇತ್ಯಾದಿ. ಒಳಗೆ ಎಷ್ಟು ಜನ ಇರುತ್ತಾರೆ ಎಂಬುದನ್ನೂ ಹೇಳಬೇಕು. ಏಕೆಂದರೆ ಸುಮ್ಮನೆ ಕುಳಿತ ಮನುಷ್ಯನೊಬ್ಬ ಸುಮಾರು 100 ವ್ಯಾಟ್ ಶಾಖ ಹೊರಸೂಸುತ್ತಾನೆ. ಅರವತ್ತು ಮಕ್ಕಳು ತುಂಬಿದ ತರಗತಿಯೆಂದರೆ ಐದಾರು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಕಾಯಿಸಿಟ್ಟ ಹಾಗೆ! ಇದಾದ ಮೇಲೆ ಹೊರಗಿನ ಹವೆಯ ವಿವರ ಬೇಕು. ಪ್ರತಿ ಗಂಟೆಯ ಉಷ್ಣತೆ, ತೇವಾಂಶ, ಗಾಳಿಯ ವೇಗ, ಬಿಸಿಲಿನ ಪ್ರಮಾಣ, ಹೀಗೆ 8,760 ಸಾಲುಗಳ ಒಂದು ಉದ್ದನೆಯ ಪಟ್ಟಿ. ಇದನ್ನು ಹವಾಕಡತ ಎಂದು ಕರೆಯೋಣ. ಕಂಪ್ಯೂಟರ್ ಈ ಪಟ್ಟಿಯ ಒಂದೊಂದೇ ಸಾಲು ಓದುತ್ತಾ, ಆ ಗಂಟೆಯಲ್ಲಿ ಗೋಡೆಯ ಮೂಲಕ ಎಷ್ಟು ಶಾಖ ಒಳಬಂತು, ಛಾವಣಿ ಎಷ್ಟನ್ನು ಹಿಡಿದಿಟ್ಟುಕೊಂಡಿತು, ಒಳಗಿನ ಉಷ್ಣತೆ ಎಷ್ಟಾಯಿತು ಎಂದು ಲೆಕ್ಕ ಹಾಕುತ್ತಾ ಹೋಗುತ್ತದೆ.

ಇಲ್ಲೊಂದು ಪ್ರಶ್ನೆ ಏಳಬೇಕು. ಕಟ್ಟಡವೇನೋ ಇನ್ನು ಮುಂದೆ ಬರುವಂಥದ್ದು. ಆದರೆ ಆ ಹವೆಯ ಪಟ್ಟಿ ಯಾವ ವರ್ಷದ್ದು?

ಹನ್ನೆರಡು ತುಂಡಿನ ಕೌದಿ

ಉತ್ತರ ವಿಚಿತ್ರವಾಗಿದೆ. ಅದು ಯಾವ ಒಂದು ವರ್ಷದ್ದೂ ಅಲ್ಲ! ಒಂದು ವರ್ಷ ಮಳೆ ಹೆಚ್ಚು, ಇನ್ನೊಂದು ವರ್ಷ ಬಿಸಿಲು ಹೆಚ್ಚು. ಯಾವುದನ್ನು ನಂಬುವುದು? 1976ರಲ್ಲಿ ಅಮೆರಿಕದಲ್ಲಿ 60 ನಗರಗಳಿಗೆ ಇಂಥ ಕಡತ ಸಿದ್ಧಪಡಿಸಿದಾಗ ಒಂದು ಸರಳ ಉಪಾಯ ಮಾಡಿದರು. ವಿಪರೀತ ಸೆಕೆಯ ಅಥವಾ ವಿಪರೀತ ಚಳಿಯ ತಿಂಗಳುಗಳಿದ್ದ ವರ್ಷಗಳನ್ನು ಒಂದೊಂದಾಗಿ ಪಟ್ಟಿಯಿಂದ ಹೊಡೆದುಹಾಕುತ್ತಾ ಬಂದರು. ಕೊನೆಗೆ ಉಳಿದ ಒಂದು ‘ಸಾಧು’ ವರ್ಷವೇ ಲೆಕ್ಕಕ್ಕೆ ಆಧಾರವಾಯಿತು.

ಎರಡು ವರ್ಷಗಳ ಬಳಿಕ, 1978ರಲ್ಲಿ, ಅಲ್ಲಿಯ ಸ್ಯಾಂಡಿಯಾ ಪ್ರಯೋಗಾಲಯದವರು ಇದಕ್ಕಿಂತ ಉತ್ತಮ ವಿಧಾನ ಕಂಡುಹಿಡಿದರು. 1952ರಿಂದ 1975ರವರೆಗಿನ ದಾಖಲೆಗಳಲ್ಲಿ ಎಲ್ಲ ಜನವರಿಗಳನ್ನೂ ಹೋಲಿಸಿ, ಅತ್ಯಂತ ‘ಜನವರಿಯಂತಿರುವ’ ಜನವರಿಯನ್ನು ಆರಿಸಿದರು. ಫೆಬ್ರುವರಿಗೂ ಹಾಗೆಯೇ, ಮಾರ್ಚಿಗೂ ಹಾಗೆಯೇ. ಹೀಗೆ ಬೇರೆ ಬೇರೆ ವರ್ಷಗಳಿಂದ ಬಂದ ಹನ್ನೆರಡು ತಿಂಗಳುಗಳನ್ನು ಒಟ್ಟಿಗೆ ಹೊಲಿದು ಒಂದು ‘ಮಾದರಿ ವರ್ಷ’ ಮಾಡಿದರು. ಅಜ್ಜಿ ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುವುದಿಲ್ಲವೇ, ಥೇಟ್ ಹಾಗೆ. ಇಂದಿಗೂ ಜಗತ್ತಿನ ಬಹುಪಾಲು ಹವಾಕಡತಗಳು ಇಂಥ ಕೌದಿಗಳೇ.

ಒಂದು ವರ್ಷದಲ್ಲಿ ಕಟ್ಟಡಕ್ಕೆ ಸಾಮಾನ್ಯವಾಗಿ ಎಷ್ಟು ವಿದ್ಯುತ್ತು ಬೇಕು ಎಂದು ತಿಳಿಯಲು ಈ ಕೌದಿ ಚೆನ್ನಾಗಿಯೇ ಸಾಕು. ಆದರೆ ಇದರಲ್ಲಿ ಎರಡು ಕೊರತೆಗಳಿವೆ. ಮೊದಲನೆಯದು, ಸಾಧಾರಣವಾದುದನ್ನೇ ಆರಿಸುವುದರಿಂದ ಉರಿಯುವ ವಾರಗಳು ಅದರಲ್ಲಿ ಸಿಗುವುದು ಅಪರೂಪ. ಎರಡನೆಯದು, ಬಟ್ಟೆ ಹಳೆಯದು. 1990ರಲ್ಲಿ ಒಬ್ಬ ಇಂಜಿನಿಯರ್ ಆ 1978ರ ಕಡತ ಬಳಸಿ ಕಟ್ಟಡದ ನಕ್ಷೆ ತಯಾರಿಸಿದನೆನ್ನಿ. ಅವನ ಲೆಕ್ಕದಲ್ಲಿ ಇದ್ದುದು 1952ರಿಂದ 1975ರ ಹವೆ. ಕಟ್ಟಡ ಅರವತ್ತು ವರ್ಷ ನಿಂತರೆ 2050 ಬರುತ್ತದೆ. ಕಡತದ ಮೊದಲ ದಾಖಲೆಗೂ ಕಟ್ಟಡದ ಕೊನೆಯ ಬೇಸಿಗೆಗೂ ನಡುವೆ 98 ವರ್ಷಗಳ ಅಂತರ! ಕಳೆದ ವರ್ಷದ ಪಂಚಾಂಗ ನೋಡಿ ಈ ವರ್ಷದ ಹಬ್ಬ ಮಾಡುವವರನ್ನು ನಾವು ಕಂಡಿಲ್ಲ. ಯುಗಾದಿ ಬಂತೆಂದರೆ ಹೊಸ ಪಂಚಾಂಗ ಮನೆಗೆ ಬರುತ್ತದೆ. ಕಟ್ಟಡದ ವಿಷಯದಲ್ಲಿ ಮಾತ್ರ ಹಳೆಯ ಪಂಚಾಂಗವೇ ನಡೆದುಬಂತು.

ಹವೆ ಬೇರೆ, ವಾಯುಗುಣ ಬೇರೆ ಎಂದು ಪಾಠದಲ್ಲಿ ಓದಿದ್ದೀರಿ. ಇವತ್ತಿನ ಬಿಸಿಲು, ನಾಳೆಯ ಮಳೆ ಹವೆ. ಸುಮಾರು ಮೂವತ್ತು ವರ್ಷಗಳ ಹವೆಯ ಒಟ್ಟು ಸ್ವಭಾವ ವಾಯುಗುಣ. ವಾಯುಗುಣ ಸ್ಥಿರವಾಗಿದ್ದರೆ ಹಿಂದಿನ ಮೂವತ್ತು ವರ್ಷ ನೋಡಿ ಮುಂದಿನ ಮೂವತ್ತು ವರ್ಷ ಊಹಿಸಬಹುದಿತ್ತು. ಕಲ್ಲಿದ್ದಲು, ತೈಲ ಉರಿಸಿ ನಾವು ವಾತಾವರಣಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿಸುತ್ತಿರುವಾಗ ಆ ಊಹೆಯ ಬುಡವೇ ಅಲುಗಾಡಿದೆ.

ಒಂದು ಡಿಗ್ರಿಯ ಲೆಕ್ಕ

“ಒಂದೆರಡು ಡಿಗ್ರಿ ಹೆಚ್ಚಾದರೆ ಏನು ಮಹಾ?” ಎಂದು ತಂದೆತಾಯಿಗಳು ಕೇಳಬಹುದು. ಐದನೆಯ ತರಗತಿಯ ಕೂಡುವ ಲೆಕ್ಕವೇ ಇದಕ್ಕೆ ಉತ್ತರ ಕೊಡುತ್ತದೆ.

ಐದು ದಿನಗಳ ಸರಾಸರಿ ಉಷ್ಣತೆ ಕ್ರಮವಾಗಿ 24, 25, 26, 27, 28 ಡಿಗ್ರಿ ಸೆಲ್ಷಿಯಸ್ ಇರಲಿ. 26 ಡಿಗ್ರಿ ದಾಟಿದರೆ ಮಾತ್ರ ಕೋಣೆಯನ್ನು ತಂಪು ಮಾಡಬೇಕು ಎಂದಿಟ್ಟುಕೊಳ್ಳೋಣ. ಮೊದಲ ಮೂರು ದಿನ ಸೊನ್ನೆ, ನಾಲ್ಕನೆಯ ದಿನ 1, ಐದನೆಯ ದಿನ 2. ಕೂಡಿದರೆ 3. ಈಗ ಪ್ರತಿ ದಿನಕ್ಕೂ ಒಂದೇ ಒಂದು ಡಿಗ್ರಿ ಸೇರಿಸಿ. 25, 26, 27, 28, 29 ಆಗುತ್ತದೆ. 26ಕ್ಕಿಂತ ಮೇಲಿನದನ್ನು ಮತ್ತೆ ಕೂಡಿ: 1, 2, 3. ಒಟ್ಟು 6! ಸರಾಸರಿ ಉಷ್ಣತೆ 26ರಿಂದ 27ಕ್ಕೆ ಏರಿತು ಅಷ್ಟೆ. ತಂಪು ಮಾಡುವ ಹೊರೆ ಮಾತ್ರ ದುಪ್ಪಟ್ಟಾಯಿತು. ಎರಡು ಡಿಗ್ರಿ ಸೇರಿಸಿ ನೋಡಿ. ಹೊರೆ 10ಕ್ಕೆ ಏರುತ್ತದೆ.

ಇಂಜಿನಿಯರುಗಳು ಈ ಮೊತ್ತವನ್ನು ‘ತಂಪಿನ ಡಿಗ್ರಿ-ದಿನಗಳು’ ಎನ್ನುತ್ತಾರೆ. ಶಾಖ ಹರಿಯುವುದು ಹೊರಗೂ ಒಳಗೂ ಇರುವ ಉಷ್ಣತೆಯ ವ್ಯತ್ಯಾಸದಿಂದ ಎಂಬುದೇ ಇದರ ಗುಟ್ಟು. ಒಟ್ಟು ಉಷ್ಣತೆಯಲ್ಲಿ ಸಣ್ಣದಾಗಿ ಕಾಣುವ ಏರಿಕೆ, ವ್ಯತ್ಯಾಸದಲ್ಲಿ ದೊಡ್ಡದಾಗಿಬಿಡುತ್ತದೆ. ಹವಾಕಡತ ಒಂದು ಡಿಗ್ರಿ ತಪ್ಪಿದರೆ ಸಿಮ್ಯುಲೇಷನ್ ಎಷ್ಟು ತಪ್ಪಬಹುದು ಎಂಬುದು ಈಗ ಹೊಳೆದಿರಬೇಕು.

ಚಳಿ ದೇಶಗಳಲ್ಲಿ ಇದರ ಇನ್ನೊಂದು ಮುಖವೂ ಇದೆ. ವಾಯುಗುಣ ಬಿಸಿಯಾದಂತೆ ಚಳಿಗಾಲದಲ್ಲಿ ಮನೆ ಕಾಯಿಸುವ ಖರ್ಚು ಇಳಿಯುತ್ತದೆ, ಬೇಸಿಗೆಯಲ್ಲಿ ತಂಪು ಮಾಡುವ ಖರ್ಚು ಏರುತ್ತದೆ. ವರ್ಷದ ಮೊತ್ತ ಮಾತ್ರ ನೋಡಿದವರಿಗೆ ಹೆಚ್ಚು ವ್ಯತ್ಯಾಸ ಕಾಣದೆಯೂ ಇರಬಹುದು. ಆದರೆ ಬೇಸಿಗೆಯ ರಾತ್ರಿ ಆ ಮನೆಯಲ್ಲಿ ಮಲಗುವವರ ಪಾಡು ಆ ಮೊತ್ತದಲ್ಲಿ ಕಾಣುವುದಿಲ್ಲ.

ಪ್ಯಾರಿಸ್ಸಿನ ಛಾವಣಿಗಳ ಕೆಳಗೆ

2003ರ ಆಗಸ್ಟ್ ತಿಂಗಳಿನಲ್ಲಿ ಯುರೋಪಿನ ಮೇಲೆ ಬಿಸಿಗಾಳಿ ಬೀಡುಬಿಟ್ಟಿತು. ಫ್ರಾನ್ಸ್ ದೇಶವೊಂದರಲ್ಲೇ ಸುಮಾರು 15,000 ಮಂದಿ ಹೆಚ್ಚುವರಿಯಾಗಿ ಸತ್ತರು. ಬಹುಪಾಲು ವೃದ್ಧರು, ಹಲವರು ಒಂಟಿಯಾಗಿದ್ದವರು. ಬಳಿಕ ಪರಿಶೀಲಿಸಿದಾಗ ತಿಳಿದುಬಂದ ಅಂಶವೊಂದು ನಮ್ಮ ವಿಷಯಕ್ಕೆ ಮುಖ್ಯ. ಮಲಗುವ ಕೋಣೆ ಛಾವಣಿಯ ನೇರ ಕೆಳಗಿದ್ದವರಿಗೆ, ಶಾಖನಿರೋಧಕವಿಲ್ಲದ ಹಳೆಯ ಕಟ್ಟಡಗಳಲ್ಲಿದ್ದವರಿಗೆ ಅಪಾಯ ಹೆಚ್ಚಾಗಿತ್ತು. ಹಗಲು ಕಾದ ಛಾವಣಿ ರಾತ್ರಿಯೂ ಆರಲಿಲ್ಲ. ದೇಹಕ್ಕೆ ಸುಧಾರಿಸಿಕೊಳ್ಳಲು ಸಮಯವೇ ಸಿಗಲಿಲ್ಲ. ಚಳಿಯಿಂದ ಕಾಪಾಡಲೆಂದು ಕಟ್ಟಿದ ಊರಿನಲ್ಲಿ ಜನ ಸೆಕೆಯಿಂದ ಸತ್ತರು.

ಹತ್ತಿರದ ಇಂಗ್ಲೆಂಡಿನಲ್ಲೂ ಆ ಬೇಸಿಗೆ 38.5 ಡಿಗ್ರಿ ದಾಖಲಾಯಿತು. ಅಲ್ಲಿ ಕಟ್ಟಡ ಸೇವೆಗಳ ಇಂಜಿನಿಯರುಗಳ ಸಂಸ್ಥೆಯೊಂದಿದೆ, ಸಿಬ್ಸಿ ಎಂದು ಅದರ ಚುಟುಕು ಹೆಸರು. ಸೆಕೆಯ ಪರೀಕ್ಷೆಗಾಗಿ ಅವರು ಮೊದಲು ಮಾಡಿದ್ದ ವ್ಯವಸ್ಥೆ ಹೀಗಿತ್ತು: ಸುಮಾರು ಇಪ್ಪತ್ತು ವರ್ಷಗಳ ಬೇಸಿಗೆಗಳನ್ನು ಸರಾಸರಿ ಉಷ್ಣತೆಯ ಪ್ರಕಾರ ಸಾಲಾಗಿ ನಿಲ್ಲಿಸಿ ಮೂರನೆಯ ರ‍್ಯಾಂಕ್ ಬಂದದ್ದನ್ನು ಆರಿಸುವುದು. ಲಂಡನ್ನಿಗೆ 1989 ಹಾಗೆ ಆಯ್ಕೆಯಾಗಿತ್ತು. ಆದರೆ ಆರು ತಿಂಗಳ ಸರಾಸರಿಯಲ್ಲಿ ಒಂದು ವಾರದ ಉರಿ ಮುಚ್ಚಿಹೋಗಬಹುದಲ್ಲವೇ? ವರ್ಷಪೂರ್ತಿ ಎಪ್ಪತ್ತು ಅಂಕ ಪಡೆಯುವ ಹುಡುಗ ಒಂದು ಪರೀಕ್ಷೆಯಲ್ಲಿ ಹದಿನೈದು ಪಡೆದದ್ದು ಸರಾಸರಿಯಲ್ಲಿ ಕಾಣದಿರುವ ಹಾಗೆ.

ಆದ್ದರಿಂದ 2014ರಲ್ಲಿ ಅವರು ಲಂಡನ್ನಿಗೆ ಒಂದರ ಬದಲು ಮೂರು ವರ್ಷ ಕೊಟ್ಟರು. ಸಾಧಾರಣ ಸೆಕೆಯ 1989, ಅಷ್ಟು ಉರಿಯಲ್ಲದಿದ್ದರೂ ಬಹಳ ದಿನ ಎಳೆದ 1976, ಕಡಿಮೆ ದಿನಗಳಲ್ಲೇ ಸುಟ್ಟುಬಿಟ್ಟ 2003. ಸ್ಥಳವೂ ಮೂರು: ನಗರದ ಮಧ್ಯಭಾಗ, ಹೀಥ್ರೋ, ಗ್ಯಾಟ್ವಿಕ್. ಏಕೆಂದರೆ ಮಾಪನ ಕೇಂದ್ರ ಊರಾಚೆಯ ವಿಮಾನ ನಿಲ್ದಾಣದಲ್ಲಿದ್ದು, ಮನೆ ಊರ ನಡುವೆ ಇದ್ದರೆ ಲೆಕ್ಕ ತಾಳೆಯಾಗದು. ಲಂಡನ್ ನಗರದ ರಾತ್ರಿ ಸುತ್ತಲಿನ ಹಳ್ಳಿಗಳಿಗಿಂತ ಬೆಚ್ಚಗಿರುತ್ತದೆ ಎಂಬುದನ್ನು ಲ್ಯೂಕ್ ಹೊವರ್ಡ್ ಎಂಬಾತ ಎರಡು ನೂರು ವರ್ಷಗಳ ಹಿಂದೆಯೇ ಅಳೆದು ತೋರಿಸಿದ್ದ.

ಇಷ್ಟಾದರೂ ಇವೆಲ್ಲ ಕಳೆದುಹೋದ ವರ್ಷಗಳೇ. 2022ರ ಜುಲೈ 19ರಂದು ಹೀಥ್ರೋದಲ್ಲಿ 40.2 ಡಿಗ್ರಿ, ಲಿಂಕನ್‌ಷೈರಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಇಂಗ್ಲೆಂಡಿನ ಉಷ್ಣಮಾಪಕ 40 ದಾಟಿದ್ದು ಅದೇ ಮೊದಲು. 1976, 1989, 2003ರ ಮೂಲ ದಾಖಲೆಗಳಲ್ಲಿ ಎಷ್ಟು ಹುಡುಕಿದರೂ ಅಂಥ ಒಂದು ಗಂಟೆ ಸಿಗುವುದಿಲ್ಲ.

ಶ್ರುತಿ ಏರಿಸುವ ಉಪಾಯ

ಹಾಗಾದರೆ ಇನ್ನೂ ಬಾರದ ವರ್ಷದ ಹವೆಯನ್ನು ಬರೆಯುವುದು ಹೇಗೆ? 2005ರಲ್ಲಿ ಬೆಲ್ಚರ್, ಹ್ಯಾಕರ್, ಪೊವೆಲ್ ಎಂಬ ಮೂವರು ಬ್ರಿಟಿಷ್ ವಿಜ್ಞಾನಿಗಳು ಒಂದು ಜಾಣ ಉಪಾಯ ಪ್ರಕಟಿಸಿದರು. ‘ಮಾರ್ಫಿಂಗ್’ ಎಂದು ಅದರ ಹೆಸರು. ವಾಯುಗುಣದ ದೊಡ್ಡ ಕಂಪ್ಯೂಟರ್ ಮಾದರಿಗಳು ಮುಂದಿನ ದಶಕಗಳಲ್ಲಿ ಜುಲೈ ತಿಂಗಳು ಸರಾಸರಿ ಇಷ್ಟು ಡಿಗ್ರಿ ಏರುತ್ತದೆ ಎಂದು ಹೇಳುತ್ತವೆ. ಗಂಟೆಗಂಟೆಯ ವಿವರ ಬೇಕಾದರೆ ಹಳೆಯ ಕಡತದಲ್ಲಿದೆ. ಎರಡನ್ನೂ ಕೂಡಿಸಿದರಾಯಿತು. ಹಳೆಯ ಜುಲೈನ ಪ್ರತಿ ಗಂಟೆಗೂ ಆ ಏರಿಕೆಯನ್ನು ಸೇರಿಸುವುದು ಒಂದು ಕ್ರಮ. ಇದು ಹಾಡು ಅದೇ, ಶ್ರುತಿ ಮಾತ್ರ ಮೇಲೆ ಎಂಬಂತೆ. ಹಗಲು-ರಾತ್ರಿಗಳ ಅಂತರವೂ ಬದಲಾಗುವುದಿದ್ದರೆ ಏರಿಳಿತವನ್ನು ಹಿಗ್ಗಿಸುವುದು ಇನ್ನೊಂದು ಕ್ರಮ. ಲಂಡನ್ನಿನ ಆ ಮೂರು ವರ್ಷಗಳನ್ನು ಹೀಗೆ ಮಾರ್ಪಡಿಸಿ 2020, 2050, 2080ರ ದಶಕಗಳಿಗೆ ಬೇರೆ ಬೇರೆ ಕಡತಗಳನ್ನು ಮಾಡಿದ್ದಾರೆ.

ಉಪಾಯಕ್ಕೂ ಮಿತಿಯಿದೆ. ಶ್ರುತಿ ಏರಿಸಿದರೂ ಹಾಡು ಹಳೆಯದೇ. ಹಿಂದೆ ಮೂರು ದಿನ ನಿಂತಿದ್ದ ಬಿಸಿಗಾಳಿ ಮುಂದೆ ಹತ್ತು ದಿನ ನಿಲ್ಲುವುದಾದರೆ ಅದನ್ನು ಈ ಕ್ರಮ ಹೇಳಲಾರದು. ಜಗತ್ತು ಎಷ್ಟು ಇಂಗಾಲ ಉಗುಳುತ್ತದೆ ಎಂಬುದರ ಮೇಲೆ ಏರಿಕೆಯೂ ಬೇರೆಯಾಗುತ್ತದೆ. ಹಾಗಾಗಿ ತಿಳಿದ ಇಂಜಿನಿಯರ್ ಒಂದೇ ಕಡತ ಓಡಿಸಿ ಒಂದೇ ಉತ್ತರ ಕೊಡುವುದಿಲ್ಲ. ನಾಲ್ಕಾರು ಕಡತ ಓಡಿಸಿ, “ಇಷ್ಟರಿಂದ ಇಷ್ಟರವರೆಗೆ” ಎಂದು ಹೇಳುತ್ತಾನೆ.

ಇಂಗ್ಲೆಂಡಿನಲ್ಲಿ 2022ರ ಜೂನ್ 15ರಿಂದ ಹೊಸ ಮನೆಗಳು ಅತಿಯಾಗಿ ಕಾಯಬಾರದೆಂಬ ನಿಯಮ ಬಂದಿದೆ. ಸಿಮ್ಯುಲೇಷನ್ ಮಾಡಿ ತೋರಿಸುವುದಾದರೆ ಮಲಗುವ ಕೋಣೆಗೆ ಒಂದು ಪರೀಕ್ಷೆ ಇದೆ. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನ ಅವಧಿಯಲ್ಲಿ ಒಳಗಿನ ಉಷ್ಣತೆ 26 ಡಿಗ್ರಿ ದಾಟುವ ಗಂಟೆಗಳು ವರ್ಷಕ್ಕೆ ಶೇಕಡ 1ನ್ನು ಮೀರಬಾರದು. ಲೆಕ್ಕ ಮಾಡಿ: ರಾತ್ರಿಗೆ 9 ಗಂಟೆ, 365 ರಾತ್ರಿಗೆ 3,285 ಗಂಟೆ. ಅದರ ನೂರನೆಯ ಒಂದು ಭಾಗ ಸುಮಾರು 32 ಗಂಟೆ. ಹಳೆಯ ಕಡತದಲ್ಲಿ 20 ಗಂಟೆ ಬಂದ ಕೋಣೆ ಪಾಸು. ಅದೇ ಕೋಣೆ, ಅದೇ ಕಿಟಕಿ, ಅದೇ ಗೋಡೆ, ಮುಂದಿನ ದಶಕಗಳ ಕಡತದಲ್ಲಿ 60 ಗಂಟೆ ತೋರಿಸಿದರೆ ನಪಾಸು. ಕಟ್ಟಡ ಬದಲಾಗಲಿಲ್ಲ, ಪ್ರಶ್ನೆಪತ್ರಿಕೆ ಬದಲಾಯಿತು.

“ಹಾಗಿದ್ದರೆ ಎಲ್ಲಕ್ಕಿಂತ ಸೆಕೆಯ ವರ್ಷವನ್ನೇ ಕೊಟ್ಟುಬಿಟ್ಟರಾಗದೇ ಸರ್?” ಎಂದು ಜಾಣ ವಿದ್ಯಾರ್ಥಿ ಕೇಳುತ್ತಾನೆ. ಒಳ್ಳೆಯ ಪ್ರಶ್ನೆ. ಹಾಗೆ ಮಾಡಿದರೆ ಅಗತ್ಯಕ್ಕಿಂತ ದೊಡ್ಡ ಹವಾನಿಯಂತ್ರಣ ಯಂತ್ರ ಕೊಳ್ಳಬೇಕಾಗುತ್ತದೆ. ಅದು ವರ್ಷದ ಬಹುಪಾಲು ದಿನ ಅರೆಬರೆ ಕೆಲಸ ಮಾಡುತ್ತಾ ಹಣ, ವಿದ್ಯುತ್ತು ಎರಡನ್ನೂ ಪೋಲು ಮಾಡುತ್ತದೆ. ಆದ್ದರಿಂದ ವಿದ್ಯುತ್ ಲೆಕ್ಕಕ್ಕೆ ಮಾದರಿ ವರ್ಷ, ಜೀವರಕ್ಷಣೆಯ ಪರೀಕ್ಷೆಗೆ ಉರಿಯ ವರ್ಷ, ದೀರ್ಘಕಾಲದ ನಿರ್ಧಾರಕ್ಕೆ ಮುಂದಿನ ದಶಕಗಳ ಕಡತ ಎಂದು ಬೇರೆ ಬೇರೆಯಾಗಿ ಬಳಸುವುದೇ ಸರಿಯಾದ ದಾರಿ.

ನಮ್ಮ ಮನೆಯ ಮಾತು

ನಮ್ಮ ದೇಶದಲ್ಲೂ ಕಟ್ಟಡಗಳ ಶಕ್ತಿ ಉಳಿತಾಯ ಸಂಹಿತೆ 2007ರಲ್ಲಿ ಬಂತು. ಮನೆಗಳಿಗಾಗಿ ‘ಇಕೋ ನಿವಾಸ್ ಸಂಹಿತಾ’ 2018ರಲ್ಲಿ ಬಂತು. ಇವು ಭಾರತವನ್ನು ಐದು ವಾಯುಗುಣ ವಲಯಗಳಾಗಿ ವಿಂಗಡಿಸುತ್ತವೆ. ಅದರಲ್ಲಿ ಬೆಂಗಳೂರು ಹಿತವಾದ ಸಮಶೀತೋಷ್ಣ ವಲಯಕ್ಕೆ ಸೇರಿದೆ. ಆ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ ಉಷ್ಣತೆ 39.2 ಡಿಗ್ರಿಗೆ ಏರಿತ್ತು. ಮಾದರಿ ವರ್ಷದ ಕೌದಿಯಲ್ಲಿ ಅಂಥ ದಿನಕ್ಕೆ ಜಾಗ ಸಿಗುವುದು ಕಷ್ಟ. ‘ಸಮಶೀತೋಷ್ಣ’ ಎಂಬ ಹಣೆಪಟ್ಟಿಯನ್ನು ನಂಬಿ ಪಶ್ಚಿಮಕ್ಕೆ ಗೋಡೆಯಗಲ ಗಾಜು ಹಾಕಿದವರಿಗೆ ಸಂಜೆ ನಾಲ್ಕರ ಬಿಸಿಲು ಪಾಠ ಹೇಳುತ್ತದೆ.

ತಂದೆತಾಯಿಗಳು ಇಲ್ಲೊಂದು ಅಂಶ ಗಮನಿಸಬೇಕು. ಮನೆಯ ಸಾಲ ಇಪ್ಪತ್ತು ವರ್ಷಕ್ಕೆ ತೀರಬಹುದು. ಗೋಡೆ, ಛಾವಣಿ ಮಾತ್ರ ಐವತ್ತು ಅರವತ್ತು ವರ್ಷ ನಿಲ್ಲುತ್ತವೆ. ಇಂದು ಏಳನೆಯ ತರಗತಿಯಲ್ಲಿರುವ ನಿಮ್ಮ ಮಗಳು ಅಜ್ಜಿಯಾಗುವ ಹೊತ್ತಿಗೂ ಅದೇ ಛಾವಣಿ ಇರಬಹುದು. ಫ್ಯಾನು ಹಳತಾದರೆ ಬದಲಾಯಿಸಬಹುದು. ಮನೆಯ ಮುಖವನ್ನು, ಕಿಟಕಿಯ ದಿಕ್ಕನ್ನು, ಮಹಡಿಯ ಎತ್ತರವನ್ನು ಆಮೇಲೆ ಬದಲಾಯಿಸುವುದು ಸುಲಭವಲ್ಲ. ಬಾಗಿಲು ಯಾವ ದಿಕ್ಕಿಗಿರಬೇಕೆಂದು ಹತ್ತು ಜನರನ್ನು ಕೇಳುವ ನಾವು, ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬೀಳುತ್ತದೆಂದು ಯಾರನ್ನೂ ಕೇಳುವುದಿಲ್ಲ. ಕಿಟಕಿಯ ಮೇಲೆ ಅಗಲವಾದ ಸಜ್ಜ, ತಾರಸಿಗೆ ಬಿಳಿ ಬಣ್ಣ ಅಥವಾ ಶಾಖನಿರೋಧಕ ಪದರ, ಎದುರುಬದುರು ಕಿಟಕಿ, ಪಶ್ಚಿಮಕ್ಕೊಂದು ಮರ, ಇವು ನಕ್ಷೆಯ ಹಂತದಲ್ಲಿ ಅಗ್ಗ. ಮನೆ ಕಟ್ಟಿಸುವವರು, ಫ್ಲ್ಯಾಟ್ ಕೊಳ್ಳುವವರು ಇಂಜಿನಿಯರನ್ನು ಒಂದು ಮಾತು ಕೇಳಲಿ: “ಸೆಕೆಯ ಲೆಕ್ಕ ಹಾಕಿದ್ದೀರಾ? ಯಾವ ವರ್ಷಗಳ ಹವೆ ಇಟ್ಟುಕೊಂಡು?”

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ. ಒಂದು ಸಾದಾ ಉಷ್ಣಮಾಪಕ ಹೊಂದಿಸಿಕೊಳ್ಳಿ. ತಾರಸಿಯ ಕೆಳಗಿನ ಕೋಣೆ ಒಂದು, ಅದರ ಕೆಳಗಿನ ಅಂತಸ್ತಿನ ಕೋಣೆ ಇನ್ನೊಂದು. ಒಂದೇ ಅಂತಸ್ತಿನ ಮನೆಯಾದರೆ ಪಶ್ಚಿಮದ ಕೋಣೆ, ಪೂರ್ವದ ಕೋಣೆ ಆದೀತು. ಏಳು ದಿನ, ಮಧ್ಯಾಹ್ನ 3 ಗಂಟೆಗೆ ಮತ್ತು ರಾತ್ರಿ 9 ಗಂಟೆಗೆ ಎರಡೂ ಕಡೆ ಉಷ್ಣತೆ ಬರೆದಿಡಿ. ಬಿಸಿಲು ನೇರವಾಗಿ ಉಷ್ಣಮಾಪಕಕ್ಕೆ ತಾಗದಿರಲಿ. ಬಳಿಕ 26 ಡಿಗ್ರಿಗಿಂತ ಮೇಲಿರುವ ಭಾಗವನ್ನಷ್ಟೇ ಕೂಡಿ ಎರಡು ಕೋಣೆಗಳನ್ನೂ ಹೋಲಿಸಿ. ಆಮೇಲೆ ಪ್ರತಿ ಅಂಕಿಗೂ ಎರಡು ಡಿಗ್ರಿ ಸೇರಿಸಿ ಮತ್ತೊಮ್ಮೆ ಕೂಡಿ. ಬಂದ ಎರಡು ಮೊತ್ತಗಳನ್ನು ಅಪ್ಪ ಅಮ್ಮನಿಗೆ ತೋರಿಸಿ, ಮನೆಯ ಯಾವ ಕೋಣೆಯಲ್ಲಿ ಅಜ್ಜ ಅಜ್ಜಿ ಮಲಗಬೇಕು ಎಂಬುದನ್ನು ಅವರೊಂದಿಗೆ ಕೂತು ಮಾತಾಡಿ.